ನಮ್ಮ ಅಂಗಡಿಗೆ ಎಲ್ಲರೂ ಬರುತ್ತಾರೆ, ಗಿರಾಕಿಗಳನ್ನು ಬಿಟ್ಟು

ಹಳ್ಳಿಯಲ್ಲಿ ಕಿರಾಣಿ ಅಂಗಡಿ ಇಟ್ಟವನು ನಗಲಿಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ. ಗಲ್ಲಾಪೆಟ್ಟಿಗೆಯ ಹಿಂದೆ ಸುಮ್ಮನೆ ಕೂತರೆ ಸಾಕು, ದಿನಕ್ಕೊಂದು ಪ್ರಸಂಗ ತಾನಾಗಿಯೇ ಮೆಟ್ಟಿಲು ಹತ್ತಿ ಬರುತ್ತದೆ. ವ್ಯಾಪಾರವೂ ಹಾಗೆಯೇ ಮೆಟ್ಟಿಲು ಹತ್ತಿ ಬರುತ್ತಿದ್ದ ಕಾಲವೊಂದಿತ್ತು. ಈಗ ಪ್ರಸಂಗಗಳಷ್ಟೇ ಬರುತ್ತವೆ.

ನಮ್ಮ ಊರು ಪುಣೆಯಿಂದ ಸಾಸವಡಕ್ಕೆ ಹೋಗುವ ದಾರಿಯಲ್ಲಿ, ಘಾಟು ಹತ್ತಿದ ಮೇಲೆ ಸಿಗುತ್ತದೆ. ನಮ್ಮಪ್ಪ ವಿಜಯಪುರದ ಕಡೆಯಿಂದ ಬಂದು ಇಲ್ಲಿ ಅಂಗಡಿ ಹಾಕಿದ. ನಾನು ಹುಟ್ಟಿದ್ದು ಅಂಗಡಿಯ ಹಿಂದಿನ ಕೋಣೆಯಲ್ಲಿ. ಊರವರಿಗೆ ಆಗ ಅಪ್ಪ ‘ಶೇಟ್’, ಈಗ ನಾನು ‘ಶೇಟ್’. ಅವರ ಮಾತೆಲ್ಲ ಮರಾಠಿ. ಆದರೆ ನನ್ನ ಕಿವಿಗೆ ಬೀಳುವಷ್ಟರಲ್ಲಿ ಅದು ನಮ್ಮ ಕಡೆಯ ಕನ್ನಡ ಆಗಿರುತ್ತದೆ, ಹಾಗೆಯೇ ಬರೆಯುತ್ತೇನೆ.

ರಸ್ತೆಯ ತಿರುವಿನಲ್ಲಿ ಒಂದು ದೊಡ್ಡ ಮಾರ್ಟ್ ಬಂತು. ಊರಿನ ಹಿಟ್ಟಿನ ಗಿರಣಿ ನಿಂತಿತು, ಸಿಂಪಿಗ ಹೊಲಿಗೆ ಮಷಿನ್ ಕಟ್ಟಿಕೊಂಡು ಪುಣೆಗೆ ಹೋದ, ಚಹಾದ ಹೋಟೆಲಿನವನು ಜಾಗ ಮಾರಿ ಕಾರು ಕೊಂಡ. ಉಳಿದದ್ದು ನಮ್ಮದೊಂದೇ ಅಂಗಡಿ. ಪುಣೆಯ ಖರಾಡಿಯಲ್ಲಿ ನಮ್ಮ ಮಗಳು ಅಳಿಯ ಇದ್ದಾರೆ. ಅವರ ಕಟ್ಟಡದಲ್ಲೇ ಕೆಳಗಿನ ಮನೆ ಖಾಲಿಯಾದ ಸುದ್ದಿ ಬಂದ ದಿನವೇ ನಮ್ಮಾಕಿ, ಅಂದರೆ ನನ್ನ ಹೆಂಡತಿ, ತೀರ್ಪು ಕೊಟ್ಟಳು.

“ಈ ವರ್ಷ ದೀಪಾವಳಿ ಪಾಡ್ಯದ ಪೂಜಾ ಈ ಅಂಗಡ್ಯಾಗ ಮಾಡೂದಿಲ್ಲ. ಅದರೊಳಗ ಬಾಗಲಾ ಹಾಕ್ರಿ.”

“ಊರವರು ಬಿಡಬೇಕಲ್ಲ?” ಅಂದೆ.

“ಯಾರು ಹಿಡಕೊಂಡಾರ ನಿಮ್ಮನ್ನ? ಒಬ್ಬರನ್ನ ತೋರಸ್ರಿ. ಒಬ್ಬರ ‘ಶೇಟ್, ಮುಚ್ಚಬ್ಯಾಡ್ರಿ’ ಅಂದ್ರ ನಾ ಸುಮ್ಮನಾಗ್ತೀನಿ.”

ಅಂಗಡಿ ಮುಚ್ಚುವುದು ನನಗೆ ಬೇಕಿರಲಿಲ್ಲ. ಖರಾಡಿಯ ಮನೆಯಲ್ಲಿ ನಾನು ಏನು ಮಾಡಲಿ? ಬೆಳಿಗ್ಗೆ ಎದ್ದು ಯಾವ ಬಾಗಿಲು ತೆಗೆಯಲಿ? ಹೀಗಾಗಿ ಗಣೇಶನ ಹಬ್ಬದಿಂದ ಆ ಒಂದು ಮಾತಿಗಾಗಿ ಕಿವಿ ತೆರೆದುಕೊಂಡು ಕೂತೆ. ಕಿವಿಗೆ ಬಿದ್ದದ್ದು ಮಾತ್ರ ಬೇರೆ.

ಪಾರ್ಸೆಲ್

ನಮ್ಮೂರಿನ ಮನೆಗಳಿಗೆ ನಂಬರು ಇದೆ ಅಂತ ಗ್ರಾಮಪಂಚಾಯಿತಿ ಹೇಳುತ್ತದೆ. ಕಣ್ಣಾರೆ ಕಂಡವರು ಯಾರೂ ಇಲ್ಲ. ಹೀಗಾಗಿ ಫೋನಿನಲ್ಲಿ ಸಾಮಾನು ತರಿಸುವವರೆಲ್ಲ ಬರೆಯುವ ವಿಳಾಸ ಒಂದೇ: ‘ಶೇಟ್ ಅವರ ಅಂಗಡಿ ಹತ್ತಿರ’. ಪಾರ್ಸೆಲ್ ತರುವವನು ಮೊದಮೊದಲು ಮನೆ ಯಾವುದು ಅಂತ ಕೇಳುತ್ತಿದ್ದ, ನಾನು ಎದ್ದು ಬಂದು ಬೆರಳು ಮಾಡಿ ತೋರಿಸುತ್ತಿದ್ದೆ. ಆಮೇಲೆ ಅವನಿಗೆ ಜಾಣತನ ಬಂತು. ಬೈಕಿನಿಂದ ಇಳಿಯದೆ ಎಲ್ಲ ಪಾರ್ಸೆಲ್‌ಗಳನ್ನೂ ನನ್ನ ಮುಂದೆ ಸುರಿದು ಹೋಗತೊಡಗಿದ. ಹಿಂದೆ ಅಕ್ಕಿಯ ಚೀಲಗಳು ಇರುತ್ತಿದ್ದ ಜಾಗದಲ್ಲಿ ಈಗ ಊರವರ ಪಾರ್ಸೆಲ್ ಪೇರಿಸಿಟ್ಟಿದ್ದೇನೆ.

ಒಂದು ದಿನ ಸರಪಂಚರ ಸೊಸೆ ಬಂದಳು.

“ಶೇಟ್, ನನ್ನ ಪಾರ್ಸೆಲ್ ಬಂತೇನ್ರಿ?”

“ಬಂದದವ್ವಾ. ಹಗೂರಕ ಎತ್ತು, ಭಾಳ ವಜ್ಜಾ ಅದ.”

“ಒಂಚೂರು ಕತ್ರಿ ಕೊಡ್ರಿ.”

ಕತ್ತರಿ ಕೊಟ್ಟೆ. ಅಲ್ಲೇ ಬಿಚ್ಚಿದಳು. ಸಾಬೂನು, ಹಲ್ಲಿನ ಪೇಸ್ಟು, ಚಹಾಪುಡಿ. ಮೂರೂ ನನ್ನ ಬೆನ್ನ ಹಿಂದಿನ ಗೋಡೆಯ ಮಾಡದಲ್ಲಿ ಇದ್ದವು, ಅದೇ ಬಣ್ಣ, ಅದೇ ಹೆಸರು. ಆಕೆ ಒಂದೊಂದನ್ನೂ ಎತ್ತಿ, ನನ್ನ ಮಾಡದ ಕಡೆ ನೋಡಿ, ಸರಿಯಾಗಿ ಅದೇ ಬಂದಿದೆಯೋ ಇಲ್ಲವೋ ಅಂತ ತಾಳೆ ಹಾಕಿದಳು. ಚಹಾಪುಡಿಯ ಡಬ್ಬಿ ಒಂದು ಕಡೆ ಜಜ್ಜಿತ್ತು.

“ಅಯ್ಯ, ಇದು ಜಜ್ಜೇದ. ನಾಳೆ ಅಂವ ಬಂದಾಗ ವಾಪಸ್ ಕೊಟ್ಟುಬಿಡ್ರಿ ಶೇಟ್.”

“ಇದ ಚಹಾಪುಡಿ ನನ್ನ ಕಡೆ ಅದ. ಜಜ್ಜಿಲ್ಲ, ಏನಿಲ್ಲ. ಒಯ್ಯಿ.”

“ಬ್ಯಾಡ್ರಿ. ಅವರು ಬದಲಿ ಕೊಡ್ತಾರ. ನಿಮ್ಮ ಕಡೆ ಆ ಪದ್ಧತಿ ಇಲ್ಲಲ್ಲ.”

ಈಕೆಯ ಅತ್ತೆ ಒಂದು ಕಾಲಕ್ಕೆ ಅರ್ಧ ತಿಂದ ಬೆಲ್ಲವನ್ನು ‘ಸಿಹಿ ಕಡಿಮಿ ಅದ’ ಅಂತ ವಾಪಸು ತಂದವಳು. ನಾನು ಬಾಯಿ ಮುಚ್ಚಿಕೊಂಡು ಬೇರೆ ಬೆಲ್ಲ ಕೊಟ್ಟವನು. ಆ ಪದ್ಧತಿ ಆಗಲೂ ಇತ್ತು, ಅದಕ್ಕೆ ಹೆಸರು ಇರಲಿಲ್ಲ ಅಷ್ಟೇ. ಆಕೆ ಅಲ್ಲೇ ನಿಂತು ಫೋನಿನಲ್ಲಿ ಏನೋ ಒತ್ತಿದಳು.

“ಐದಕ್ಕ ಐದೂ ಚುಕ್ಕಿ ಕೊಟ್ಟೆ ನೋಡ್ರಿ ಶೇಟ್!”

“ನನಗೇನವ್ವಾ?”

“ನಿಮಗ್ಯಾಕ್ರಿ? ಕಂಪನಿಗೆ. ‘ಪಾರ್ಸೆಲ್ ಭಾಳ ಜ್ವಾಕಿಲೆ ಇಟ್ಟು, ಮರ್ಯಾದಿಲೆ ಕೊಟ್ರು’ ಅಂತ ಬರದೀನಿ.”

ಗ್ಯಾಸ್ ನೋಡಿ ಬರ್ರಿ

ಮನೆಮಂದಿಯೆಲ್ಲ ಹೊರಗೆ ಹೋಗುವಾಗ ಕೀಲಿಕೈಯನ್ನು ಅಂಗಡಿಯಲ್ಲಿ ಕೊಟ್ಟು ಹೋಗುವುದು ನಮ್ಮೂರಿನ ಹಳೆಯ ರೂಢಿ. ಈಗ ಮನೆಗೊಂದು ಕ್ಯಾಮೆರಾ ಬಂದಿದೆ, ಆದರೂ ಕೀಲಿಕೈ ನನ್ನ ಗೋಡೆಯ ಮೊಳೆಗೇ ಬರುತ್ತದೆ. ಸಾಮಾನಿಗೆ ನನ್ನನ್ನು ನಂಬದವರೂ ಮನೆಗೆ ನಂಬುತ್ತಾರೆ.

ಊರಲ್ಲೊಬ್ಬ ಗುಮಾಸ್ತ ಇದ್ದಾನೆ. ಪುಣೆಯ ಆಫೀಸಿಗೆ ದಿನಾ ಮೋಟರ್‌ಸೈಕಲ್ ಮೇಲೆ ಹೋಗಿಬರುವವನು. ಹೆಂಡತಿ ತವರಿಗೆ ಹೋದ ವಾರ ಮಧ್ಯಾಹ್ನ ಫೋನು ಮಾಡಿದ.

“ಶೇಟ್, ಗ್ಯಾಸ್ ಬಂದ್ ಮಾಡಿ ಬಂದೀನೋ ಇಲ್ಲೋ ನೆನಪಾಗವಲ್ದು. ಒಂದೀಟು ನೋಡಿ ಬರ್ರಿ.”

ಅಂಗಡಿಯನ್ನು ನಮ್ಮಾಕಿಗೆ ಒಪ್ಪಿಸಿ ಹೋದೆ. ಗ್ಯಾಸ್ ಬಂದ್ ಆಗಿತ್ತು. ಹೇಳಿದೆ.

“ಹ್ಯಾಂಗೂ ಒಳಗ ಹೋಗೀರಿ, ತುಳಸಿಗೆ ಒಂದು ತಂಬಿಗಿ ನೀರು ಹಾಕ್ರಿ.”

ಹಾಕಿದೆ.

“ಹಾಲು ಒಡದದೇನು ನೋಡ್ರಿ.”

ಮೂಸಿ ನೋಡಿದೆ. ಒಡೆದಿರಲಿಲ್ಲ.

“ಡಬ್ಬಿ ಎಲ್ಲಾ ಒಮ್ಮೆ ತಗದು ನೋಡ್ತೀರೇನು? ಆಕಿ ಊರಿಗೆ ಹೋಗಾಕಿ ಏನು ಇಟ್ಟಾಳ, ಏನು ಇಲ್ಲ, ನನಗ ತಿಳಿಯೂದಿಲ್ಲ.”

ಇಷ್ಟು ಹೊತ್ತು ಎಳೆದಾಡುತ್ತಿದ್ದ ನನ್ನ ಕಾಲಿಗೆ ಒಮ್ಮೆಲೇ ಹುರುಪು ಬಂತು. ವ್ಯಾಪಾರಿಯ ರಕ್ತ. ಒಂದೊಂದೇ ಡಬ್ಬಿ ತೆಗೆದು ದೊಡ್ಡ ದನಿಯಲ್ಲಿ ಹೇಳುತ್ತ ಹೋದೆ: “ಅವಲಕ್ಕಿ ಮುಗದದ. ಸಕ್ಕರಿ ತಳಾ ಕಂಡದ. ಎಣ್ಣಿ ನಾಳಿಗೆ ಸಾಲೂದಿಲ್ಲ. ಸಾಸವಿ ಇಲ್ಲ. ಬ್ಯಾಳಿ ಅದ, ಆದ್ರ ಅದನ್ನ ಅದ ಅನ್ನಾಕ ಬರೂದಿಲ್ಲ.”

ಆತ ಎಲ್ಲವನ್ನೂ ‘ಹಾಂ, ಹಾಂ’ ಅಂತ ಕೇಳಿಕೊಂಡ.

“ಎಲ್ಲಾ ಕಟ್ಟಿ ಇಡ್ಲೇನ್ರಿ?” ಅಂದೆ.

“ಛೇ ಛೇ, ನಿಮಗ್ಯಾಕ ತ್ರಾಸ ಶೇಟ್? ಆಗಲೇ ಭಾಳ ಕೊಟ್ಟೀನಿ. ಸಂಜಿಕ್ಕ ಬರೂ ಮುಂದ ನಾನ ಮಾರ್ಟ್‌ನ್ಯಾಗ ತಗೊಂಡು ಬರ್ತೀನಿ.”

ತಕ್ಕಡಿ

ರಿಟೈರ್ ಆದ ಗಣಿತದ ಮಾಸ್ತರರು ಪ್ಯಾಕೆಟ್ಟಿನ ಮೇಲೆ ಬರೆದದ್ದನ್ನು ನಂಬುವವರಲ್ಲ. ಮಾರ್ಟ್‌ನಲ್ಲಿ ಬೇಳೆ ಕೊಂಡು, ಅಲ್ಲಿಂದ ನೆಟ್ಟಗೆ ನನ್ನ ಅಂಗಡಿಗೆ ಬಂದು, ನಮ್ಮಪ್ಪನ ಕಾಲದ ಹಿತ್ತಾಳೆ ತಕ್ಕಡಿಯಲ್ಲಿ ತೂಗಿಸಿ ಮನೆಗೆ ಹೋಗುತ್ತಾರೆ.

“ಮಾಸ್ತರ, ತಕ್ಕಡಿ ಮ್ಯಾಲೆ ನಂಬಿಕಿ ಅದ, ಬ್ಯಾಳಿ ಮ್ಯಾಲೆ ಇಲ್ಲೇನ್ರಿ?” ಅಂತ ಒಮ್ಮೆ ಕೇಳಿದೆ.

“ತಕ್ಕಡಿ ನಿಮ್ಮಪ್ಪಂದು. ಬ್ಯಾಳಿ ನಿಮ್ಮದು,” ಅಂದರು.

ಒಂದು ದಿನ ತೊಗರಿಬೇಳೆಯ ಪ್ಯಾಕೆಟ್ಟು ತುಸು ಕಡಿಮೆ ತೂಗಿತು. ಮಾಸ್ತರರ ಮುಖ ಅರಳಿದ್ದನ್ನು ನಾನು ಬಹಳ ದಿನದ ಮೇಲೆ ನೋಡಿದೆ. “ಏಳ್ರಿ ಶೇಟ್! ತಕ್ಕಡಿ ತಗೋರಿ! ನೀವು ಸಾಕ್ಷಿ!” ಅವರ ಸ್ಕೂಟರಿನ ಹಿಂದೆ, ತೊಡೆಯ ಮೇಲೆ ತಕ್ಕಡಿ, ಜೇಬಿನಲ್ಲಿ ತೂಕದ ಕಲ್ಲು ಇಟ್ಟುಕೊಂಡು ನಾನು ಮೊದಲ ಸಲ ಮಾರ್ಟಿಗೆ ಹೋದೆ. ದಾರಿಯುದ್ದಕ್ಕೂ ಜನ ನಿಂತು ನೋಡಿದರು. ಊರಿನ ಪರವಾಗಿ ಯುದ್ಧಕ್ಕೆ ಹೊರಟ ಹಾಗೆ ನನಗೂ ಎದೆ ಉಬ್ಬಿತ್ತು.

ಯುದ್ಧವೇ ಆಗಲಿಲ್ಲ. ಮ್ಯಾನೇಜರ್ ಹುಡುಗಿ ಕುರ್ಚಿ ಕೊಟ್ಟಳು, ಕಾಫಿ ಕೊಟ್ಟಳು, ತಪ್ಪಾಯಿತು ಅಂದಳು, ಬೇರೆ ಪ್ಯಾಕೆಟ್ಟು ಕೊಟ್ಟಳು. ಮಾಸ್ತರರು ಜಗಳ ಕೈಬಿಡಲು ಮನಸ್ಸಿಲ್ಲದೆ ಆಕೆಗೆ ತೂಕದ ಇತಿಹಾಸ ಹೇಳುತ್ತ ಕೂತರು. ಒಳಗೆ ಒಳ್ಳೆಯ ತಂಪು ಗಾಳಿ ಬೀಸುತ್ತಿತ್ತು. ನಾನು ತಕ್ಕಡಿಯನ್ನು ಕಂಕುಳಲ್ಲಿ ಹಿಡಿದು ಹಾಗೇ ಒಂದು ಸುತ್ತು ಹಾಕಿದೆ.

ಹೊರಗೆ ಬರುವಾಗ ಬಾಗಿಲಲ್ಲಿ ಕಾವಲುಗಾರ ತಡೆದ. “ಈ ತಕ್ಕಡಿ ಬಿಲ್ ತೋರಸ್ರಿ.”

“ಇದು ನಮ್ಮಪ್ಪಂದು.”

“ಯಾರಪ್ಪಂದಾದ್ರೂ ಇರ್ಲಿ, ಬಿಲ್ ಇಲ್ಲದ ಏನೂ ಹೊರಗ ಬಿಡಾಂಗಿಲ್ಲ.”

ಮಾಸ್ತರರು ಬಂದು, ಮ್ಯಾನೇಜರ್ ಬಂದು ಬಿಡಿಸಿದರು. ಆದರೆ ಆ ಗಲಾಟೆಯಲ್ಲಿ ನನ್ನ ಜೇಬಿನಿಂದ ಒಂದು ಬಿಲ್ ಹೊರಗೆ ಬಂದದ್ದನ್ನು ಮಾಸ್ತರರು ನೋಡಿಬಿಟ್ಟರು. ಹಣ ಕೊಟ್ಟು ಕೌಂಟರಿನಲ್ಲೇ ಕಟ್ಟಿಡಲು ಹೇಳಿದ್ದ, ನೆಲ ಒರೆಸುವ ಉದ್ದ ಕೋಲಿನದು. ಅಷ್ಟು ಚೆನ್ನಾಗಿತ್ತು, ಅರ್ಧ ಬೆಲೆಗೆ ಬೇರೆ ಇತ್ತು, ಏನು ಮಾಡಲಿ? ಒಂದು ಕೈಯಲ್ಲಿ ಅಪ್ಪನ ತಕ್ಕಡಿ, ಇನ್ನೊಂದರಲ್ಲಿ ಮಾರ್ಟಿನ ಕೋಲು ಹಿಡಿದು ಊರೊಳಗೆ ಬಂದೆ.

ನಮ್ಮಾಕಿ ಅವತ್ತು ಸಂಜೆಯವರೆಗೂ ಪಾತ್ರೆ ಕುಕ್ಕುತ್ತಲೇ ಇದ್ದಳು. ಅಂಗಡಿಯವನೇ ಮಾರ್ಟಿನಲ್ಲಿ ಕೊಂಡರೆ ಊರವರಿಗೆ ಏನು ಹೇಳುವುದು ಅನ್ನುವುದು ಆಕೆಯ ಸಿಟ್ಟು. ಮರುದಿನ ಬೆಳಿಗ್ಗೆ ಆ ಕೋಲಿನಿಂದ ಇಡೀ ಮನೆ ಒರೆಸಿ, ಸೊಂಟ ನೆಟ್ಟಗೆ ಮಾಡಿಕೊಂಡು ಬಂದು ನಿಂತಳು.

“ಇನ್ನೊಂದು ತಂದಿದ್ರ ಮಗಳಿಗೂ ಆಗ್ತಿತ್ತಲ್ರೀ.”

ಕಟ್ಟೆಯ ಖಾಯಂ ಸದಸ್ಯ

ಅಂಗಡಿಯ ಮುಂದೆ ಕಲ್ಲಿನ ಕಟ್ಟೆ ಇದೆ. ಬಸ್ಸಿಗೆ ಕಾಯುವವರು, ಸುದ್ದಿಗೆ ಕಾಯುವವರು, ಯಾವುದಕ್ಕೂ ಕಾಯದವರು ಎಲ್ಲರೂ ಕೂರುತ್ತಿದ್ದ ಜಾಗ. ಮೊದಲು ಕೂರಲು ಜಗಳ ಆಗುತ್ತಿತ್ತು, ಈಗ ಮಲಗಲೂ ಜಾಗ ಇದೆ.

ಕಟ್ಟೆಯ ಮೂಲೆ ಒಬ್ಬ ಮಾಜಿ ಪೈಲವಾನನದು. ಹರೆಯದಲ್ಲಿ ಕುಸ್ತಿ ಆಡಿದವನು, ವಯಸ್ಸಾದ ಮೇಲೆ ಬಸ್ಸಿನ ಸಮಯ ಹೇಳುವ ಕೆಲಸ ತಾನೇ ವಹಿಸಿಕೊಂಡಿದ್ದ. ಮೊಳಕಾಲಿನ ಆಪರೇಶನ್ ಆಗಿ ಪುಣೆಯ ಧನಕವಡಿಯಲ್ಲಿರುವ ತಮ್ಮನ ಮನೆಗೆ ಹೋದ. ಹೋದವನಿಗೆ ಅಲ್ಲಿ ಕಟ್ಟೆ ಸಿಗಲಿಲ್ಲ. ಹೀಗಾಗಿ ಸಂಜೆ ಚಹಾದ ಹೊತ್ತಿಗೆ ತಪ್ಪದೆ ವಿಡಿಯೋ ಕಾಲ್ ಮಾಡುತ್ತಾನೆ. ಮಾಸ್ತರರು ಫೋನನ್ನು ಅವನದೇ ಮೂಲೆಯಲ್ಲಿ ಗೋಡೆಗೆ ಒರಗಿಸಿ ಇಡುತ್ತಾರೆ. ಎಲ್ಲರಿಗೂ ಚಹಾ ಬಂದಾಗ ಫೋನಿನ ಮುಂದೆಯೂ ಒಂದು ಕಪ್ಪು ಇಡದಿದ್ದರೆ ಅವನಿಗೆ ಸಿಟ್ಟು ಬರುತ್ತದೆ. ಆ ಕಪ್ಪನ್ನು ಆಮೇಲೆ ಮಾಸ್ತರರೇ ಕುಡಿಯುತ್ತಾರೆ.

ಒಂದು ಸಂಜೆ ಬೇರೆ ಊರಿನ ಹೆಂಗಸೊಬ್ಬಳು ಬಸ್ಸಿಗೆ ಬಂದು ನಿಂತಳು. ಮಾಸ್ತರರು ಬಿಸ್ಕೀಟು ತರಲು ಒಳಗೆ ಬಂದಿದ್ದರು. ಕಟ್ಟೆಯ ಮೇಲೆ ಯಾರೂ ಇಲ್ಲ. ಫೋನು ಮಾತ್ರ ಇತ್ತು. ಅದರಲ್ಲಿ ಪೇಟ ಸುತ್ತಿದ, ದೊಡ್ಡ ಮೀಸೆಯ ಮುದುಕನ ಮುಖ. ಪೈಲವಾನ ತೂಕಡಿಸುತ್ತಿದ್ದ, ಅಲುಗಾಡುತ್ತಿರಲಿಲ್ಲ. ಮುಂದೆ ಚಹಾ ತುಂಬಿದ ಒಂದು ಕಪ್ಪು. ನಮ್ಮಾಕಿ ಕಟ್ಟಿ ಮಾರಲು ಇಟ್ಟ ಚೆಂಡುಹೂವಿನ ಬುಟ್ಟಿಯೂ ಪಕ್ಕದಲ್ಲೇ ಇತ್ತು.

ಪಾಪ, ಆಕೆ ಒಳ್ಳೆಯ ಮನಸ್ಸಿನವಳು. ಯಾರೋ ಹಿರಿಯರು ತೀರಿಕೊಂಡಿದ್ದಾರೆ, ಮನೆಯವರು ಅವರಿಗೆ ಇಷ್ಟವಾದ ಚಹಾ ಎಡೆ ಇಟ್ಟಿದ್ದಾರೆ ಅಂದುಕೊಂಡು, ಚೀಲ ಕೆಳಗಿಟ್ಟು, ಸೆರಗು ತಲೆಯ ಮೇಲೆ ಎಳೆದು, ಕಣ್ಣು ಮುಚ್ಚಿ ಕೈಮುಗಿದಳು. ಚೀಲ ಇಟ್ಟ ಸದ್ದಿಗೆ ಪೈಲವಾನನಿಗೆ ಎಚ್ಚರಾಯಿತು.

“ಸಾಸವಡದ ಬಸ್ಸು ಹೋತವ್ವಾ!” ಅಂತ ಗುಡುಗಿದ. “ಇನ್ನ ರಿಕ್ಷಾ ಹಿಡಿ!”

ಆಕೆ ಹೊಡೆದ ಕೂಗಿಗೆ ನಾವೆಲ್ಲ ಹೊರಗೆ ಓಡಿಬಂದೆವು. ಅಷ್ಟರಲ್ಲಿ ಆಕೆ ಚೀಲ ಬಿಟ್ಟು ರಸ್ತೆಯ ತಿರುವು ದಾಟಿದ್ದಳು. ಫೋನಿನೊಳಗಿಂದ ಪೈಲವಾನ ಕತ್ತು ಉದ್ದ ಮಾಡಿ ಕೇಳುತ್ತಿದ್ದ:

“ಯಾಕ ಹಂಗ ಓಡಿದ್ಲು? ರಿಕ್ಷಾ ಬಂತೇನು?”

ಬರಣಿ

ರವಿವಾರ ಪುಣೆಯ ಹುಡುಗರು ಹುಡುಗಿಯರು ಘಾಟು ಹತ್ತಿ ಬರುತ್ತಾರೆ. ಖರಾಡಿಯ ಆಫೀಸುಗಳಲ್ಲಿ ವಾರವೆಲ್ಲ ಕೂತು ಬೇಸತ್ತವರು. ಅವರಿಗೆ ನನ್ನ ಅಂಗಡಿ ಭಾಳ ಇಷ್ಟ. ಕೊಳ್ಳಲು ಅಲ್ಲ, ಫೋಟೋಕ್ಕೆ.

ಒಮ್ಮೆ ಬೆಂಗಳೂರಿನ ಕನ್ನಡದ ಹುಡುಗಿ ಬಂದಳು. ನಮ್ಮಾಕಿ ನನ್ನ ಮೇಲೆ ಕನ್ನಡದಲ್ಲಿ ರೇಗುತ್ತಿದ್ದುದು ಕೇಳಿ ಓಡಿಬಂದಳು.

“ಅಯ್ಯೋ, ನೀವು ಕನ್ನಡದೋರಾ ಆಂಟಿ? ಸೂಪರ್! ಅಂಕಲ್, ಒಂದು ಫೋಟೋ ತಗೊಳ್ಲಾ? ಆ ಪ್ಲಾಸ್ಟಿಕ್ ಬಕೆಟ್ ಸ್ವಲ್ಪ ಆ ಕಡೆ ಇಡ್ತೀರಾ? ಹಳ್ಳಿ ಫೀಲ್ ಬರ್ತಿಲ್ಲ.”

ಬಕೆಟ್ ತೆಗೆದೆ. ಟ್ಯೂಬ್‌ಲೈಟ್ ಆರಿಸಲು ಹೇಳಿದಳು, ಆರಿಸಿದೆ. ನಗಬೇಡಿ ಅಂದಳು. ವ್ಯಾಪಾರವಿಲ್ಲದವನಿಗೆ ಅದು ಕಷ್ಟವೇನಲ್ಲ.

“ಇಷ್ಟು ಚಂದ ಅಂಗಡಿ ಅಂತೀ, ಏನಾರ ತಗೋ ಮತ್ತ,” ಅಂದಳು ನಮ್ಮಾಕಿ.

ಹುಡುಗಿ ಸುತ್ತ ನೋಡಿ, ಮಾಡದ ಮೇಲಿನ ಪೆಪ್ಪರಮಿಂಟಿನ ದೊಡ್ಡ ಗಾಜಿನ ಬರಣಿ ತೋರಿಸಿದಳು. ನನಗೆ ಖುಷಿಯಾಯಿತು. “ಎಷ್ಟು ಕೊಡ್ಲವ್ವಾ?”

“ಒಳಗಿರೋದು ಬೇಡ ಅಂಕಲ್. ಬರಣಿ ಸಾಕು. ಮನೇಲಿ ಗಿಡ ಇಡ್ತೀನಿ.”

ಪೆಪ್ಪರಮಿಂಟನ್ನೆಲ್ಲ ಕಾಗದದ ಮೇಲೆ ಸುರಿದೆ. ಆಮೇಲೆ ಹುಡುಗಿಗೆ ಕೂರುವ ಕಟ್ಟಿಗೆ ಸ್ಟೂಲು ಇಷ್ಟವಾಯಿತು. ಅದೂ ಹೋಯಿತು. ಅಪ್ಪ ಬರೆಸಿದ ತಗಡಿನ ಬೋರ್ಡು ಕೇಳಿದಳು, ಅದನ್ನು ಮಾತ್ರ ಕೊಡಲಿಲ್ಲ. ಅವತ್ತು ನಮ್ಮ ಅಂಗಡಿಯಲ್ಲಿ ಅಂಗಡಿಯೇ ಮಾರಾಟವಾಗಿತ್ತು, ಸಾಮಾನು ಇದ್ದಲ್ಲೇ ಇತ್ತು. ನಾನು ನಿಂತುಕೊಂಡೇ ಬರಣಿ ಒರೆಸಿ ಕೊಡುವುದನ್ನು ನೋಡಿ ಹುಡುಗಿ ಪ್ರೀತಿಯಿಂದ ಹೇಳಿದಳು: “ಆಂಟಿ, ಅಂಕಲ್‌ನೂ ಹಾಗೇ ಎತ್ಕೊಂಡು ಹೋಗ್ಬೇಕು ಅನ್ಸುತ್ತೆ. ಎಷ್ಟು ವಿಂಟೇಜ್ ಇದ್ದಾರೆ!”

ನಮ್ಮಾಕಿ ಒಂದು ಕ್ಷಣವೂ ಯೋಚಿಸಲಿಲ್ಲ.

“ಒಯ್ಯವ್ವಾ. ಆದ್ರ ಇವರನ್ನ ಒಳಗಿಂದು ಖಾಲಿ ಮಾಡಿ ಕೊಡೂದಿಲ್ಲ. ಮಾತು ಸಹಿತ ಒಯ್ಯಬೇಕು.”

ಅರ್ಧ ಶಟರ್

ದೀಪಾವಳಿಗೆ ಇನ್ನು ಸ್ವಲ್ಪ ದಿನ ಇರುವಾಗ ನಾನು ಸೋತೆ. ಒಬ್ಬರೂ ‘ಮುಚ್ಚಬ್ಯಾಡ್ರಿ’ ಅಂದಿರಲಿಲ್ಲ. ಅನ್ನಲು ಅವರಿಗೆ ಮುಚ್ಚುವ ವಿಷಯವೇ ಗೊತ್ತಿರಲಿಲ್ಲ ಅನ್ನುವುದು ಬೇರೆ ಮಾತು. ನಾನಾಗಿ ಹೇಳಿ ಕೇಳಿಸಿಕೊಳ್ಳಲು ನನಗೆ ಮಾನ ಅಡ್ಡ ಬಂತು. “ಆತು, ನಿನ್ನ ಮಾತ ಆಗಲಿ,” ಅಂದೆ. ಬೆಳಿಗ್ಗೆ ಇಬ್ಬರೂ ಸಾಮಾನು ಇಳಿಸಲು ಶುರು ಮಾಡಿದೆವು. ಲಾರಿಗಳ ಧೂಳು ಒಳಗೆ ಬರಬಾರದು ಅಂತ ಶಟರನ್ನು ಅರ್ಧ ಇಳಿಸಿದೆ.

ತಪ್ಪಾದದ್ದು ಇಲ್ಲೇ. ನಮ್ಮೂರಿನಲ್ಲಿ ಅಂಗಡಿಯ ಶಟರು ಹಗಲು ಹೊತ್ತು ಅರ್ಧ ಇಳಿಯುವುದು ಒಂದೇ ಕಾರಣಕ್ಕೆ. ಊರಲ್ಲಿ ಯಾರಾದರೂ ತೀರಿಕೊಂಡರೆ ಮೊದಲು ಅಂಗಡಿಗೆ ಸುದ್ದಿ ಬರುತ್ತದೆ, ನಾನು ಶಟರ್ ಅರ್ಧ ಎಳೆಯುತ್ತೇನೆ, ಅದನ್ನು ನೋಡಿ ಊರು ಕೂಡುತ್ತದೆ. ಇಷ್ಟು ವರ್ಷ ಊರವರೆಲ್ಲರಿಗೂ ಶಟರ್ ಎಳೆದವನು ನಾನೇ. ಅವತ್ತು ಅದು ನನಗೇ ನೆನಪಾಗಲಿಲ್ಲ.

ಒಳಗೆ ನಾನು ಅಟ್ಟ ಹತ್ತಿ ಹಳೆಯ ಡಬ್ಬಿ ಇಳಿಸುತ್ತಿದ್ದೆ. ಮೈದಾದ ಹರಕು ಚೀಲವೊಂದು ನನ್ನ ತಲೆಯ ಮೇಲೆ ಬಿಚ್ಚಿಕೊಂಡಿತು. ಕೆಳಗೆ ನಮ್ಮಾಕಿ ಬ್ಯಾಡಗಿ ಮೆಣಸಿನಕಾಯಿಯ ಚೀಲ ಝಾಡಿಸಿದಳು. ಘಾಟು ಗಂಟಲಿಗೆ ಏರಿ, ಕೆಮ್ಮುತ್ತ, ಕಣ್ಣೀರು ಸುರಿಸುತ್ತ, ಸೆರಗಿನಿಂದ ಮುಖ ಒರೆಸುತ್ತ ಶಟರ್ ಕೆಳಗಿನಿಂದ ಹೊರಗೆ ಹೋಗಿ ಕಟ್ಟೆಯ ಮೇಲೆ ಕುಸಿದು ಕೂತಳು.

ಹೊರಗೆ ಆಗಲೇ ಊರು ನಿಂತಿತ್ತು. ಅರ್ಧ ಶಟರ್, ಅಳುತ್ತಿರುವ ಹೆಂಡತಿ, ಕಾಣದ ಗಂಡ. ಇನ್ನೇನು ಬೇಕು?

“ಅಯ್ಯೋ ದೇವರೇ, ಶೇಟ್ ಹೋದ್ರಾ!”

ನಮ್ಮಾಕಿಗೆ ಮಾತು ಹೊರಡಲಿಲ್ಲ. ಇಲ್ಲ ಇಲ್ಲ ಅಂತ ಕೈ ಆಡಿಸಿದಳು. ಹೆಂಗಸರು ಆ ಕೈಗಳನ್ನು ಹಿಡಿದುಕೊಂಡರು. “ಹೌದವ್ವಾ, ನಂಬಾಕ ಆಗೂದಿಲ್ಲ. ಅಳು, ಅತ್ತುಬಿಡು.”

ನಾನು ಅಟ್ಟದ ಮೇಲಿಂದ ಎಲ್ಲ ಕೇಳುತ್ತಿದ್ದೆ. ತಕ್ಷಣ ಇಳಿದು ಬರಬೇಕಿತ್ತು. ಆದರೆ ಅಷ್ಟರಲ್ಲಿ ಅವರು ನನ್ನ ಬಗ್ಗೆ ಒಳ್ಳೆಯ ಮಾತು ಶುರು ಮಾಡಿದ್ದರು. ಜೀವಂತ ಇರುವವನಿಗೆ ಇಂಥ ಅವಕಾಶ ಎಲ್ಲಿ ಸಿಗುತ್ತದೆ?

“ದೇವರಂಥಾ ಮನಷಾ. ನನ್ನ ಮನಿ ಡಬ್ಬಿ ಡಬ್ಬಿ ಗೊತ್ತಿತ್ತು ಅವರಿಗೆ,” ಅಂದ ಗುಮಾಸ್ತ.

“ಪಾರ್ಸೆಲ್ ಮಗೂನ್ಹಂಗ ನೋಡಕೋತಿದ್ರು,” ಅಂದಳು ಸರಪಂಚರ ಸೊಸೆ.

“ಪ್ರಾಮಾಣಿಕ ಮನುಷ್ಯ,” ಅಂದರು ಮಾಸ್ತರರು. ಸ್ವಲ್ಪ ತಡೆದು ಸೇರಿಸಿದರು: “ಬ್ಯಾಳ್ಯಾಗ ಮಾತ್ರ ಕಲ್ಲು ಇರ್ತಿದ್ವು.”

“ಹೋದವರ ಬಗ್ಗೆ ಹಂಗ ಅನಬಾರದು ಮಾಸ್ತರ,” ಅಂದರು ಯಾರೋ.

“ಕಲ್ಲಿನ ಬಗ್ಗೆ ಅಂದೆ.”

ಇದನ್ನು ಸಹಿಸಲಾಗಲಿಲ್ಲ. ಅಟ್ಟದಿಂದ ಇಳಿದು, ಶಟರ್ ಕೆಳಗಿನಿಂದ ತೆವಳಿ ಹೊರಗೆ ಬಂದು, “ಯಾವ ಬ್ಯಾಳ್ಯಾಗ ಕಲ್ಲಿತ್ತು, ತೋರಸ್ರಿ!” ಅಂತ ಎದ್ದು ನಿಂತೆ. ತಲೆಯಿಂದ ಕಾಲಿನವರೆಗೆ ಮೈದಾ ಹಿಟ್ಟಿನಲ್ಲಿ ಬೆಳ್ಳಗಿದ್ದೆ. ಸರಪಂಚರ ಸೊಸೆ ಚೀರಿದಳು. ಗುಮಾಸ್ತ ಮೆಟ್ಟಿಲು ಲೆಕ್ಕಿಸದೆ ರಸ್ತೆಗೆ ಹಾರಿದ. ಮಾಸ್ತರರು, ಗಣಿತದವರು, ದೆವ್ವಗಳನ್ನು ನಂಬದವರು, ರಾಮನಾಮ ಹೇಳುತ್ತ ಕಂಬದ ಹಿಂದೆ ಸರಿದರು.

ನಿಂತಲ್ಲೇ ನಿಂತವಳು ಎದುರು ಮನೆಯ ಆಜಿ ಒಬ್ಬಳೇ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಯವರು ಅಡಿಗೆ ತಂದು ಉಣಿಸಬೇಕು. ಶಟರ್ ಕಂಡ ಗಳಿಗೆಯಲ್ಲೇ ಆಜಿ ಒಲೆ ಹೊತ್ತಿಸಿ ಜೋಳದ ಭಕ್ರಿ ಬಡಿದು, ಕಡಲೆಹಿಟ್ಟಿನ ಝುಣಕಾ ಮಾಡಿ ಬುಟ್ಟಿಯಲ್ಲಿ ತಂದಿದ್ದಳು.

“ನೀ ಸತ್ತಿಲ್ಲೇನು ಬಾಳಾ?” ಅಂದಳು. ಆಜಿಗೆ ನಾನು ಇನ್ನೂ ‘ಬಾಳಾ’, ಅಂದರೆ ಮಗು.

“ಇಲ್ಲ ಆಜಿ.”

“ಮತ್ತ ಯಾರು?”

ಏನು ಹೇಳಲಿ? “ಯಾರೂ ಇಲ್ಲ. ಅಂಗಡಿ ಮುಚ್ಚಾಕತ್ತೀವಿ. ಖರಾಡಿಗೆ ಹೋಗ್ತೀವಿ,” ಅಂದೆ.

ಕಟ್ಟೆಯ ಮೇಲೆ ಒಬ್ಬರೂ ಮಾತಾಡಲಿಲ್ಲ. ನಾನು ಸತ್ತೆ ಅಂದಾಗ ಇಷ್ಟು ಸುಮ್ಮನಾಗಿರಲಿಲ್ಲ. ಆಜಿ ಬುಟ್ಟಿ ಕೆಳಗಿಟ್ಟು, ನನ್ನ ಮುಖದ ಹಿಟ್ಟನ್ನು ಸೆರಗಿನಿಂದ ಒರೆಸಿದಳು. “ಮುಚ್ಚಬ್ಯಾಡೋ ಬಾಳಾ. ನೀ ಬಾಗಲಾ ತಗದ ಸಪ್ಪಳಾ ಕೇಳಿ ನಾ ಏಳ್ತೀನಿ. ನಿನ್ನ ಶಟರ್ ಏಳದಿದ್ರ ನನಗ ಬೆಳಗಾಗೂದು ಹ್ಯಾಂಗ?”

ಮೆಣಸಿನಕಾಯಿಯ ಘಾಟು ನನಗೆ ತಗಲಿರಲಿಲ್ಲ. ಆದರೂ ಕಣ್ಣು ತುಂಬಿ ಬಂದವು. ಆಜಿ ಕೈಗೆ ಭಕ್ರಿ ಕೊಟ್ಟಳು, ಕೂತು ತಿನ್ನತೊಡಗಿದೆ. ಇಷ್ಟು ದಿನ ಕಾದ ಮಾತು ಕೊನೆಗೂ ಸಿಕ್ಕಿತಲ್ಲ ಅಂತ ಗೆದ್ದವನ ಹಾಗೆ ನಮ್ಮಾಕಿಯ ಕಡೆ ನೋಡಿದೆ. ಆಕೆ ನನ್ನನ್ನು ನೋಡುತ್ತಿರಲಿಲ್ಲ. ಕೆಂಪಗಾದ ಕಣ್ಣು ಮಾಸ್ತರರ ಕೈಯ ಮೇಲಿತ್ತು. ಆ ಕೈಯಲ್ಲೊಂದು ಚೀಲ. ಚೀಲದ ಮೇಲೆ ಮಾರ್ಟಿನ ಹೆಸರು.

“ಅದರಾಗ ಏನದರೀ ಮಾಸ್ತರ?”

ಮಾಸ್ತರರು ಚೀಲವನ್ನು ಬೆನ್ನ ಹಿಂದೆ ಸರಿಸಿದರು. ಆಕೆ ಎದ್ದು ಹೋಗಿ ಎಳೆದು ನೋಡಿದಳು. ಕರ್ಪೂರ, ಊದಿನಕಡ್ಡಿ, ಒಂದು ಬಿಳಿ ಬಟ್ಟೆ.

“ಇವರ ಕಡೀ ಸಾಮಾನೂ ಆ ಮಾರ್ಟ್‌ನ್ಯಾಗ ತಂದೀರೇನು?”

“ಏನು ಮಾಡೂದು ವೈನಿ? ನಿಮ್ಮ ಅಂಗಡಿ ಬಂದ್ ಇತ್ತಲ್ಲ!”

ನಮ್ಮಾಕಿ ವ್ಯಾಪಾರಿಗಳ ಮನೆಯಲ್ಲಿ ಹುಟ್ಟಿದವಳು. ಮಗಳು, ಖರಾಡಿ, ಕೆಳಗಿನ ಮನೆ ಎಲ್ಲವನ್ನೂ ಬಿಟ್ಟುಕೊಡಬಲ್ಲಳು, ಬಾಗಿಲಿಗೆ ಬಂದ ಗಿರಾಕಿ ಬೇರೆ ಅಂಗಡಿಗೆ ಹೋದನೆಂದರೆ ತಡೆಯಲಾರಳು. ಸೆರಗು ಸೊಂಟಕ್ಕೆ ಸಿಗಿಸಿದಳು. ಎರಡೂ ಕೈಯಿಂದ ಶಟರ್ ಹಿಡಿದು, ಊರಿಗೆಲ್ಲ ಕೇಳುವ ಹಾಗೆ ಧಡಧಡ ಮೇಲಕ್ಕೆ ಎತ್ತಿದಳು.

“ಇವರು ಇನ್ನೂ ಭಾಳ ವರ್ಷ ಇರ್ತಾರ. ಆದ್ರ ಹೋಗೂ ದಿನ ಒಂದು ಕರ್ಪೂರದ ಬಿಲ್ಲಿ ಸಹಿತ ಬ್ಯಾರೆ ಅಂಗಡಿಯಿಂದ ಬರಬಾರದು! ಹೋಗ್ರಿ, ಇದನ್ನೆಲ್ಲಾ ವಾಪಸ್ ಕೊಟ್ಟು ಬರ್ರಿ!”

ಮಾಸ್ತರರು ಚೀಲ ಹಿಡಿದು ಮೆಟ್ಟಿಲು ಇಳಿದರು. ಅರ್ಧ ದಾರಿಗೆ ಹೋಗಿ ತಿರುಗಿ ನಿಂತರು.

“ವೈನಿ, ಯಾಕ ವಾಪಸ್ ಅಂತ ಕೇಳ್ತಾರ. ಕಾರಣ ಏನಂತ ಹೇಳ್ಲಿ?”

ನಮ್ಮಾಕಿ ಬಾಯಿ ತೆರೆಯುವ ಮೊದಲೇ ಆಜಿ ನನ್ನ ಕೈಗೆ ಇನ್ನೊಂದು ಭಕ್ರಿ ಇಟ್ಟು ಕೂಗಿದಳು:

“ಹೆಣಾ ಎದ್ದು ಕುಂತು ಝುಣಕಾ-ಭಕ್ರಿ ತಿನ್ನಾಕತ್ತದ ಅಂತ ಹೇಳು!”